ಹಿಂಡಿದ ಕಬ್ಬನ್ನು ಮತ್ತೆ ಹಿಂಡಿದರೆ?

ವಿಂಡೋಸ್‌ನಲ್ಲಿ ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಕೆಳಗಡೆ ಒಂದು ಪುಟ್ಟ ಚೌಕ ಕಾಣುತ್ತೆ. ಜಾಗ ಉಳಿಸಬೇಕಾದರೆ ಈ ಡ್ರೈವನ್ನು ಕಂಪ್ರೆಸ್ ಮಾಡಿ ಅನ್ನೋದು ಅದರ ಪಕ್ಕದ ಸಾಲಿನ ಅರ್ಥ. ಡಿಸ್ಕ್ ತುಂಬಿ, ನೀಲಿ ಪಟ್ಟಿ ಕೆಂಪಗಾದ ದಿನ ಈ ಚೌಕ ಆಪದ್ಬಾಂಧವನ ಹಾಗೆ ಕಾಣುತ್ತೆ. ದುಡ್ಡು ಕೊಡಬೇಕಿಲ್ಲ, ಏನನ್ನೂ ಅಳಿಸಬೇಕಿಲ್ಲ, ಒಂದು ಟಿಕ್ ಹಾಕಿದರೆ ಆಯ್ತು. ಆದರೆ ಹೀಗೆ ಪುಕ್ಕಟೆ ಸಿಕ್ಕ ಜಾಗಕ್ಕೂ ಬಾಡಿಗೆ ಇದ್ದೇ ಇದೆ. ಕಂಪ್ರೆಷನ್ ಒಳ್ಳೆಯ ವಿದ್ಯೆಯೇ. ಇಡೀ ಡ್ರೈವ್‌ಗೆ ಒಂದೇ ಟಿಕ್ ಕೇಳುವ ಆ ಚೌಕದ ಮೇಲೆ ನನ್ನ ತಕರಾರು.

ಕಂಪ್ರೆಷನ್ ಅಂದ್ರೆ ಮತ್ತೆ ಮತ್ತೆ ಬರುವುದನ್ನು ಒಂದು ಸಲ ಪೂರ್ತಿ ಬರೆದು, ಉಳಿದ ಕಡೆಯೆಲ್ಲ 'ಮೇಲಿನಂತೆ' ಅಂತ ಗುರುತು ಹಾಕೋದು. ಪುನರಾವರ್ತನೆ ಎಷ್ಟಿದೆಯೋ ಅಷ್ಟೇ ಲಾಭ. ಕನ್ನಡವನ್ನೇ ತಗೊಳ್ಳಿ. ಯುಟಿಎಫ್-8 ರೂಪದಲ್ಲಿ ನಮ್ಮ ಲಿಪಿಯ ಒಂದೊಂದು ಯುನಿಕೋಡ್ ಚಿಹ್ನೆಗೂ 3 ಬೈಟ್ ಬೇಕು. ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದಕ್ಕೆ ಇರೋದು ಎರಡೇ ಸಾಧ್ಯತೆ. ಹಾಗಾಗಿ ಕನ್ನಡ ಬರಹದ ಫೈಲು ಚೆನ್ನಾಗಿ ಕುಗ್ಗುತ್ತೆ. ಪ್ರೋಗ್ರಾಂ ಕೋಡು, ಲಾಗ್ ಫೈಲು, ಸಿಎಸ್‌ವಿ ಕೂಡ ಹಾಗೇ.

ಆದರೆ ನಮ್ಮ ಲ್ಯಾಪ್‌ಟಾಪ್ ತುಂಬಿಸಿರೋದು ಇವುಗಳಾ? ಫೋಟೋ, ವಿಡಿಯೋ, ಹಾಡು, ಇಳಿಸಿಕೊಂಡ ಸಿನಿಮಾ. ಜೆಪೆಗ್, ಎಂಪಿ3, ಎಂಪಿ4 ಎಲ್ಲವೂ ಹುಟ್ಟುವಾಗಲೇ ಹಿಂಡಿಸಿಕೊಂಡು ಬಂದವು. ಆಫೀಸಿನ ಡಾಕ್‌ಎಕ್ಸ್ ಫೈಲು ಕೂಡ ಒಳಗಡೆ ಒಂದು ಜಿಪ್ಪೇ. ರಸ ತೆಗೆದ ಕಬ್ಬಿನ ಸಿಪ್ಪೆಯನ್ನು ಮತ್ತೆ ಗಾಣಕ್ಕೆ ಕೊಟ್ಟರೆ ಸಿಗೋದು ಗಾಣ ತಿರುಗಿಸಿದ ಸುಸ್ತು ಮಾತ್ರ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಸಾಮಾನ್ಯವಾಗಿ 64 ಕೆಬಿಯ ತುಂಡುಗಳಲ್ಲಿ ಈ ಕೆಲಸ ಮಾಡುತ್ತೆ. ಲಾಭ ಇಲ್ಲದ ತುಂಡನ್ನು ಇದ್ದ ಹಾಗೇ ಬರೆದಿಡುತ್ತೆ. ಅಂದರೆ ಸಾವಿರ ಫೋಟೋಗಳ ಮೇಲೆ ಪ್ರೊಸೆಸರ್ ಬೆವರು ಸುರಿಸಿದ ಮೇಲೂ ಉಳಿಯುವ ಜಾಗ ಹೆಚ್ಚುಕಮ್ಮಿ ಸೊನ್ನೆ.

ಈ ಆಸೆ ಹೊಸದಲ್ಲ. 1993ರಲ್ಲಿ ಮೈಕ್ರೋಸಾಫ್ಟ್ ಎಂಎಸ್-ಡಾಸ್ 6ರ ಜೊತೆ 'ಡಬಲ್‌ಸ್ಪೇಸ್' ಕೊಟ್ಟಿತು. ಹೆಸರಲ್ಲೇ ಭರವಸೆ: ಜಾಗ ದುಪ್ಪಟ್ಟು. ಡಿಸ್ಕ್‌ಗಳನ್ನು ಎಂಬಿಗಳಲ್ಲಿ ಅಳೆಯುತ್ತಿದ್ದ ಕಾಲ, ಜನ ಮುಗಿಬಿದ್ದರು. ಅದು ಇಡೀ ಡ್ರೈವನ್ನು ಅಡಗಿಸಿಟ್ಟ ಒಂದೇ ಒಂದು ದೊಡ್ಡ ಫೈಲಿನೊಳಗೆ ತುರುಕುತ್ತಿತ್ತು. ಆ ಫೈಲು ಕೆಟ್ಟರೆ ಒಳಗಿದ್ದದ್ದೆಲ್ಲ ಅಪಾಯಕ್ಕೆ. ಡೇಟಾ ಹೋಯ್ತು ಅನ್ನೋ ದೂರುಗಳು ಬಂದವು. ಅದೇ ವರ್ಷ ಬಂದ 6.2ರಲ್ಲಿ ಹೆಚ್ಚಿನ ರಕ್ಷಣೆ ಸೇರಿಸಬೇಕಾಯ್ತು. ಇದರ ಜೊತೆಗೆ, 'ಸ್ಟ್ಯಾಕರ್' ಮಾರುತ್ತಿದ್ದ ಸ್ಟ್ಯಾಕ್ ಕಂಪನಿ ಪೇಟೆಂಟ್ ಕೇಸು ಹಾಕಿತ್ತು. 1994ರಲ್ಲಿ ಜ್ಯೂರಿ ಸ್ಟ್ಯಾಕ್‌ಗೆ 12 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಮಾನಿಸಿತು. ಮುಂದಿನ 6.21ರಲ್ಲಿ ಕಂಪ್ರೆಷನ್ನೇ ಮಾಯ. 6.22ರಲ್ಲಿ ಅದು ಬೇರೆ ತಂತ್ರದೊಂದಿಗೆ 'ಡ್ರೈವ್‌ಸ್ಪೇಸ್' ಆಗಿ ವಾಪಸ್ ಬಂತು. ಹೆಸರಿನಿಂದ 'ಡಬಲ್' ಬಿದ್ದುಹೋಗಿದ್ದನ್ನು ಗಮನಿಸಿ.

ಎನ್‌ಟಿಎಫ್‌ಎಸ್ ಇಷ್ಟು ಒರಟಲ್ಲ, ಒಂದೊಂದು ಫೈಲನ್ನೂ ಬೇರೆ ಬೇರೆಯಾಗಿಯೇ ಕುಗ್ಗಿಸುತ್ತೆ. ತಿರುಗುವ ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಓದಬೇಕಾದ ಡೇಟಾ ಕಡಿಮೆಯಾಗಿ, ಕೆಲವು ಫೈಲು ಬೇಗ ತೆರೆಯೋದೂ ಉಂಟು. ಎಸ್‌ಎಸ್‌ಡಿ ಬಂದ ಮೇಲೆ ಆ ಲಾಭ ಸವೆಯಿತು. ಪದೇ ಪದೇ ಬರೆಯುವ ಫೈಲುಗಳ ವಿಷಯದಲ್ಲಂತೂ ಪೂರ್ತಿ ನಷ್ಟ. ಪ್ರತಿ ಸಲ ಬಿಚ್ಚು, ತಿದ್ದು, ಮತ್ತೆ ಕಟ್ಟು. ಎಸ್‌ಕ್ಯೂಎಲ್ ಸರ್ವರ್‌ನ ಬರೆಯಬಲ್ಲ ಡೇಟಾಬೇಸನ್ನು ಕಂಪ್ರೆಸ್ ಆದ ಡ್ರೈವ್ ಮೇಲೆ ಇಡೋದನ್ನು ಅದೇ ಮೈಕ್ರೋಸಾಫ್ಟ್ ಒಪ್ಪಲ್ಲ. ವಿಂಡೋಸ್ 7ರ ಕಾಲದಲ್ಲಿ ಇಡೀ ಸಿ ಡ್ರೈವ್ ಕಂಪ್ರೆಸ್ ಮಾಡಿದ ಕೆಲವರಿಗೆ 'ಬೂಟ್‌ಎಂಜಿಆರ್ ಈಸ್ ಕಂಪ್ರೆಸ್ಡ್' ಅನ್ನೋ ಕಪ್ಪು ಪರದೆ ಎದುರಾಗಿತ್ತು. ಕಂಪ್ಯೂಟರ್ ಶುರುಮಾಡಬೇಕಾದ ಫೈಲನ್ನೇ ಗಂಟು ಕಟ್ಟಿಟ್ಟರೆ ಗಂಟು ಬಿಚ್ಚೋರು ಯಾರು?

ಇನ್ನೊಂದು ಸಿಕ್ಕು, ವಾಪಸ್ ಬರುವ ದಾರಿಯದು. ಟಿಕ್ ಹಾಕಿ ಉಳಿಸಿದ ಜಾಗವನ್ನೂ ನಾವು ತುಂಬಿಸಿಬಿಡ್ತೀವಿ, ಅದು ನಮ್ಮ ಸ್ವಭಾವ. ಆಮೇಲೆ ಟಿಕ್ ತೆಗೆಯೋಣ ಅಂದ್ರೆ ಫೈಲುಗಳು ಮೊದಲಿನ ಗಾತ್ರಕ್ಕೆ ಬರಲು ಜಾಗವೇ ಇರಲ್ಲ.

ಹಾಗಾದರೆ ಕಂಪ್ರೆಷನ್ ದಂಡವಾ? ಇಲ್ಲ, ಗೊತ್ತಿದ್ದವರು ಮಾಡಿದರೆ ಚೆನ್ನಾಗೇ ಇರುತ್ತೆ. ವಿಂಡೋಸ್ 10ರ 'ಕಾಂಪ್ಯಾಕ್ಟ್ ಓಎಸ್' ನೋಡಿ. ಅದು ಕುಗ್ಗಿಸೋದು ಸಿಸ್ಟಂ ಫೈಲುಗಳನ್ನು. ಅವನ್ನು ಆಗಾಗ ಓದ್ತೀವಿ, ಬರೆಯೋದು ಅಪರೂಪ. ಮೈಕ್ರೋಸಾಫ್ಟ್ ಹೇಳಿದ ಲೆಕ್ಕದ ಪ್ರಕಾರ 64 ಬಿಟ್ ವಿಂಡೋಸ್‌ನಲ್ಲಿ ಇದರಿಂದ ಸುಮಾರು 2.6 ಜಿಬಿ ಉಳಿತಾಯ. ಲಿನಕ್ಸ್‌ನ ಬಿಟಿಆರ್‌ಎಫ್‌ಎಸ್ ಕೂಡ ಡೇಟಾ ಕುಗ್ಗುವಂಥದ್ದಾ ಅಂತ ಮೊದಲು ನೋಡಿಕೊಂಡು, ಅಲ್ಲದಿದ್ದರೆ ಬಿಟ್ಟುಬಿಡುತ್ತೆ. 2021ರ ಫೆಡೋರಾ 34ರಿಂದ ಅದನ್ನು ಬಳಕೆದಾರನನ್ನು ಕೇಳದೆಯೇ ಆನ್ ಮಾಡಿಟ್ಟಿದ್ದಾರೆ. ಇಲ್ಲೆಲ್ಲ ಯಾವುದನ್ನು ಹಿಂಡಬೇಕು ಅನ್ನೋ ವಿವೇಕ ಸಾಫ್ಟ್‌ವೇರಿನದ್ದು. ವಿಂಡೋಸ್‌ನ ಚೌಕ ಆ ವಿವೇಕವನ್ನು, ಗಾಬರಿಯಲ್ಲಿರುವ ನಮ್ಮ ತಲೆಗೆ ಕಟ್ಟುತ್ತೆ. ಸಿಗುವ ಲಾಭ ಹೇಳುತ್ತೆ, ತೆರಬೇಕಾದ ಬೆಲೆ ಹೇಳಲ್ಲ.

128 ಜಿಬಿಯ ಲ್ಯಾಪ್‌ಟಾಪ್ ಇಟ್ಟುಕೊಂಡು ಒದ್ದಾಡ್ತಿರೋರು ಹೀಗೆ ಮಾಡಬಹುದು. ಹಳೇ ಲಾಗು, ಮುಗಿದ ಪ್ರಾಜೆಕ್ಟಿನ ಕೋಡು, ಸಿಎಸ್‌ವಿ ರಾಶಿ ಇರುವ ಫೋಲ್ಡರಿಗೆ ಮಾತ್ರ ಕಂಪ್ರೆಷನ್ ಹಾಕಿ. ಉಳಿದಿದ್ದನ್ನು ಗಾತ್ರದ ಪ್ರಕಾರ ಜೋಡಿಸಿ ನೋಡಿ, ನುಂಗುಬಾಕರು ಮೊದಲ ಸಾಲುಗಳಲ್ಲೇ ಸಿಕ್ಕಿಬೀಳ್ತಾರೆ.

ನಿಜವಾದ ಪ್ರಶ್ನೆ ಬೇರೆಯೇ ಇದೆ. ಡ್ರೈವ್ ತುಂಬುವಷ್ಟು ಫೋಟೋ ಇದೆ ಅಂದ್ರೆ, ಮಗುವಿನ ಮೊದಲ ಹೆಜ್ಜೆ, ಅಜ್ಜಿಯ ದನಿ, ಎಲ್ಲ ಆ ಒಂದೇ ಡಿಸ್ಕಿನಲ್ಲಿವೆ ಅಂತ. ಟಿಕ್ ಹಾಕಿದರೆ ಅವುಗಳ ಇನ್ನೊಂದು ಪ್ರತಿ ಹುಟ್ಟಲ್ಲ. ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಂದು ಅವನ್ನು ಅಲ್ಲಿಗೆ ನಕಲು ಮಾಡಿ. ಲ್ಯಾಪ್‌ಟಾಪಿನಿಂದ ಸಿನಿಮಾಗಳನ್ನು ಅಳಿಸಿ, ಫೋಟೋಗಳನ್ನು ಎರಡೂ ಕಡೆ ಇಟ್ಟುಕೊಳ್ಳಿ.