ವೀರಗಲ್ಲಿನ ಕಲೆ

ನಮ್ಮ ಕನ್ನಡ ನಾಡಿನಲ್ಲಿ, ತುರುಗಳನ್ನೂ ಊರನ್ನೂ ಕಾಯಲೆಂದು ಕಾದಿ ಮಡಿದವನಿಗೆ ಪೂರ್ವಿಕರು ನಿಲ್ಲಿಸುತ್ತಿದ್ದ ವೀರಗಲ್ಲು, ಕೆಳಗಿನ ಪಟ್ಟಿಕೆಯಲ್ಲಿ ಕದನವನ್ನೂ, ನಡುವೆ ಅಪ್ಸರೆಯರು ವೀರನನ್ನೊಯ್ಯುವುದನ್ನೂ, ಮೇಲೆ ಶಿವಸಾನ್ನಿಧ್ಯವನ್ನೂ ಕಂಡರಿಸಿ, ಒಂದು ಜೀವಿತದ ಸಾರವನ್ನು ಒಂದೇ ಶಿಲೆಯಲ್ಲಿ ನೆಲೆಗೊಳಿಸಿದ ಅಪೂರ್ವ ಶಿಲ್ಪವಾಗಿದೆ. ಶಿಲ್ಪಿಯು ಸ್ವರ್ಗವನ್ನು ತೋರುವ ಮುನ್ನ ಕದನವನ್ನೇ ತೋರುವನೆಂಬುದು ನನಗೆ ಅತ್ಯಂತ ಪೂಜ್ಯವಾದ ಅಂಶ.

1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್‌ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಬಲಿಯಾದ ಹತ್ತು ಮಂದಿ ಪೊಲೀಸರ ಸ್ಮರಣೆಗಾಗಿ ಪ್ರತಿವರ್ಷವೂ ಆಚರಿಸುವ ಪೊಲೀಸ್ ಹುತಾತ್ಮರ ದಿನದಂದು ಪುಷ್ಪಚಕ್ರ ಪಡೆಯುವ ಸ್ಮಾರಕವು ಆ ವೀರಗಲ್ಲಿನದೇ ಸಂತಾನ. ಆದರೆ, 1992ರಲ್ಲಿ ಮೀಣ್ಯದ ಬಳಿ ವೀರಪ್ಪನ್ ತಂಡದ ಗುಂಡಿಗೆ ಮಡಿದ ಹರಿಕೃಷ್ಣ, ಶಕೀಲ್ ಅಹಮದ್, 2014ರಲ್ಲಿ ಗುಲಬರ್ಗಾದ ಗುಂಡಿನ ಕಾಳಗದಲ್ಲಿ ಗಾಯಗೊಂಡು ಅಸುನೀಗಿದ ಮಲ್ಲಿಕಾರ್ಜುನ ಬಂಡೆ, ಇಂಥ ಪೊಲೀಸ್ ಅಧಿಕಾರಿಗಳ ಕಾರ್ಯವನ್ನು ಹೇಳಲು ಬರಿಯ ನಾಮಾವಳಿ ಸಾಲದು. ಅವರು ಬಿದ್ದ ನೆಲದಲ್ಲಿಯೇ, ನಡೆದುದನ್ನು ಕಂಡರಿಸಿದ ಕಲ್ಲೊಂದನ್ನು ಊರವರು ನಿಲ್ಲಿಸಲಿ.