ಹೆಸರು ಹಿಡಿದು ಹಾಡುವ ಪರಂಪರೆ

ಆಳುವವರನ್ನು ಹಾಡಿನ ಮೂಲಕ ವಿಚಾರಣೆಗೆ ಗುರಿಪಡಿಸುವ ಪರಿಪಾಠವು ಹುಬ್ಬಳ್ಳಿ-ಧಾರವಾಡದ ಸುತ್ತಲಿನ ನಾಡಿನಲ್ಲಿ ವೃತ್ತಪತ್ರಿಕೆಗಳು ಬೇರೂರುವುದಕ್ಕಿಂತ ಮೊದಲಿನದು. ಅಕ್ಷರ ಬಾರದ ಜನಕ್ಕೆ ಸರಕಾರದ ಹುಕುಮು ಡಂಗುರದ ಮೂಲಕ ತಲುಪುತ್ತಿದ್ದ ಕಾಲದಲ್ಲಿ, ಆ ಹುಕುಮಿನಿಂದ ಊರಿಗೆ ಒದಗಿದ ಗತಿಯೇನೆಂಬುದು ಲಾವಣಿಯ ಮೂಲಕ ತಿರುಗಿ ಜನಕ್ಕೆ ತಲುಪುತ್ತಿತ್ತು. ಇಂದು ರಾಜಕಾರಣಿಯೊಬ್ಬನನ್ನು ಕುರಿತು ಹಾಡು ಹೊರಟಿತೆಂದರೆ ಅದರ ಧೈರ್ಯವನ್ನು ಮಾತ್ರ ಅಳೆದು ಮೆಚ್ಚುವ ಅಥವಾ ಹಳಿಯುವ ಅಭ್ಯಾಸ ನಮಗೆ ಅಂಟಿಕೊಂಡಿದೆ. ಆದರೆ ಪ್ರತಿಭಟನೆಯ ಹಾಡನ್ನು ಹಾಡಾಗಿಯೇ ಪರೀಕ್ಷಿಸಬೇಕಾದರೆ, ಅದು ಅಧಿಕಾರದಲ್ಲಿರುವವನ ಯಾವ ಕೃತ್ಯವನ್ನು, ಎಷ್ಟು ನಿಖರವಾಗಿ, ಯಾರ ಬದುಕಿನ ಸಾಕ್ಷ್ಯದಿಂದ ಎತ್ತಿ ತೋರಿಸುತ್ತದೆ ಎಂಬುದನ್ನು ನೋಡುವುದು ಅವಶ್ಯವೆಂದು ನಾನು ನಂಬಿದ್ದೇನೆ.

ಇದಕ್ಕೆ ನಮ್ಮಲ್ಲಿರುವ ಶ್ರೇಷ್ಠ ನಿದರ್ಶನವು ಹಲಗಲಿ ಬೇಡರ ಲಾವಣಿ. ಗುಪ್ತರ ಶಾಸನಗಳ ಸಂಪಾದನೆಯಿಂದ ಖ್ಯಾತನಾದ ಜೆ. ಎಫ್. ಫ್ಲೀಟನು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಇದೂ ಒಂದು. ಸಂಗೊಳ್ಳಿ ರಾಯಣ್ಣನ ಲಾವಣಿ, ಆದಾಯದ ತೆರಿಗೆಯನ್ನು ಕುರಿತು ಜನ ಹಾಡಿದ ಲಾವಣಿ ಮುಂತಾದುವು ಇದರ ಜೊತೆಗೆ ಅಚ್ಚಾದವು. ತನ್ನ ಸರಕಾರವನ್ನೇ ದೂರುವ ಪದಗಳನ್ನು ಆ ಸರಕಾರದ ಅಧಿಕಾರಿಯೇ ಶ್ರದ್ಧೆಯಿಂದ ಬರೆದಿಟ್ಟುಕೊಂಡನೆಂಬುದು ಅವನ ವಿದ್ವತ್ತಿಗೆ ಗೌರವ ತರುವ ಸಂಗತಿ. 1857ರಲ್ಲಿ ಕಂಪನಿ ಸರಕಾರವು ಜನರ ಕೈಯಲ್ಲಿದ್ದ ಹತಾರಗಳನ್ನು ಕಸಿದುಕೊಳ್ಳಲು ಕಾಯಿದೆ ಮಾಡಿದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಒಪ್ಪಿಸಲು ನಿರಾಕರಿಸಿದರು. ದಂಡು ಬಂದಿತು, ಊರಿಗೆ ಬೆಂಕಿ ಬಿದ್ದಿತು, ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಲಾವಣಿಕಾರನು ಈ ವೃತ್ತಾಂತವನ್ನು ಹೇಳುವಾಗ ಹುಕುಮು ವಿಲಾಯತಿಯಿಂದ ಬಂದಿತೆಂಬುದನ್ನೂ, ಅದನ್ನು ಕಳಿಸಿದ್ದು ಕಂಪನಿ ಸರಕಾರವೆಂಬುದನ್ನೂ, ಜಾರಿಗೆ ತಂದ ಸಾಹೇಬರ ಹೆಸರುಗಳನ್ನೂ, ಎದುರು ನಿಂತ ಹನುಮ, ಬಾಲ, ಜಡಗ, ರಾಮರ ಹೆಸರುಗಳನ್ನೂ ಬಿಡದೆ ಹೇಳುತ್ತಾನೆ.

ಆದರೆ ಈ ಲಾವಣಿಯ ಪರಮ ಶಕ್ತಿ ಇರುವುದು ಯುದ್ಧವರ್ಣನೆಯಲ್ಲಲ್ಲ, ಲೂಟಿಯ ಪಟ್ಟಿಯಲ್ಲಿ. ದಂಡಿನವರು ಊರಿನಿಂದ ಹೊತ್ತೊಯ್ದದ್ದನ್ನು ಕವಿಯು ಒಂದೊಂದಾಗಿ ಎಣಿಸುತ್ತಾನೆ: ಕೊಡಲಿ, ಕುಡ, ಕಬ್ಬಿಣ, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಜೀರಗಿ, ಗಂಗಾಳ, ಚರಗಿ, ಹೆಂಗಸರ ಮಂಗಳಸೂತ್ರ, ಕಡೆಗೆ ಬೀಸುವ ಕಲ್ಲು. ಹತಾರ ಕಸಿಯಲು ಬಂದ ಪ್ರಭುತ್ವವು ಬೀಸುವ ಕಲ್ಲನ್ನೂ ಬಿಡಲಿಲ್ಲವೆಂಬ ಈ ಒಂದು ವಿವರವು, ಕಾಯಿದೆಯ ಉದ್ದೇಶಕ್ಕೂ ಅದರ ಆಚರಣೆಗೂ ಇರುವ ಅಂತರವನ್ನು ಯಾವ ನಿಂದಾವಾಕ್ಯವೂ ತೋರಿಸಲಾರದಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಅಲ್ಲಿ ಕ್ರೂರಿ, ಪಾಪಿ ಎಂಬ ವಿಶೇಷಣಗಳ ಅಗತ್ಯವೇ ಕವಿಗೆ ಬೀಳುವುದಿಲ್ಲ, ಏಕೆಂದರೆ ಜೀರಗಿಯ ಡಬ್ಬಿ ಬರಿದಾದ ಅಡಿಗೆಮನೆಯನ್ನು ಕೇಳುಗನು ಆಗಲೇ ಕಂಡಿರುತ್ತಾನೆ. ಕೊನೆಯಲ್ಲಿ ಕವಿಯು ತನ್ನ ಹೆಸರನ್ನು ಹೇಳದೆ ಕುರ್ತಕೋಟಿಯ ಕಲ್ಮೇಶನ ಅಂಕಿತವಿಟ್ಟು ಸರಿಯುತ್ತಾನೆ. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಆ ಊರಿನ ದೇವರ ಮರೆಯಲ್ಲಿ ನಿಂತು ಹಾಡಿದ ಕವಿಗೆ ಅಧಿಕಾರದ ಭಯವಿತ್ತೋ, ಕೇವಲ ಪದ್ಧತಿಯಂತೆ ಅಂಕಿತವಿಟ್ಟನೋ, ಹೇಗಿದ್ದರೂ ಹೆಸರುಗಳನ್ನು ಹೇಳುವುದರಲ್ಲಿ ಅವನು ಅಳುಕಲಿಲ್ಲ.

ಈ ಪದಗಳು ಓದುವುದಕ್ಕಾಗಿ ಹುಟ್ಟಿದವಲ್ಲ ಎಂಬುದನ್ನು ವಿಮರ್ಶಕನು ಮರೆಯಬಾರದು. ಲಾವಣಿ ಹಾಡುವ ಗೀಗೀ ಮೇಳದಲ್ಲಿ ಮುಮ್ಮೇಳದವನು ಡಪ್ಪು ಬಡಿಯುತ್ತ ಒಂದು ನುಡಿಯನ್ನು ಎತ್ತುತ್ತಾನೆ. ಹಿಮ್ಮೇಳದವರು ತುಂತುಣಿ ಮೀಟಿ ತಾಳ ಕುಟ್ಟಿ ಗೀಯ ಗೀಯ ಎಂದು ಅದನ್ನು ಮೇಲಕ್ಕೆ ಒಯ್ಯುತ್ತಾರೆ. ಆ ಸೊಲ್ಲು ಮುಗಿಯುವ ತನಕ ಕೇಳುಗನಿಗೆ ಹಿಂದಿನ ಮಾತನ್ನು ಮನಸ್ಸಿನಲ್ಲಿ ತೂಗಿ ನೋಡಲು ಅವಕಾಶ ದೊರೆಯುತ್ತದೆ. ಹರದೇಶಿ-ನಾಗೇಶಿ ಎಂಬ ಎದುರಾಳಿ ಮೇಳಗಳ ಸವಾಲು-ಜವಾಬುಗಳಲ್ಲಿ ಬೆಳಗಾಗುವ ತನಕ ವಾದ ಮಾಡಿ ಪಳಗಿದ ಕಲೆಯಾದುದರಿಂದ, ಆರೋಪಕ್ಕೆ ಆಧಾರ ಕೇಳುವ ಬುದ್ಧಿ ಈ ಪ್ರಕಾರದ ರಕ್ತದಲ್ಲಿಯೇ ಇದೆ. ಈ ಪರಂಪರೆಯ ಕೊರತೆಯನ್ನೂ ಹೇಳಬೇಕು. ಲಾವಣಿಯು ಆದುದನ್ನು ಹೇಳುತ್ತದೆ, ಆಗಬೇಕಾದುದನ್ನು ಕೇಳುವುದಿಲ್ಲ. ಅದರ ಕೊನೆ ಬಹುಮಟ್ಟಿಗೆ ಶೋಕ. ಸೋತವರ ಪಕ್ಷದಲ್ಲಿ ನಿಂತ ಕವಿ, ಗೆದ್ದವನಿಂದ ಪರಿಹಾರವನ್ನು ನಿರೀಕ್ಷಿಸುವ ಸ್ಥಿತಿಯಲ್ಲಿರಲಿಲ್ಲ.

ಬೇಂದ್ರೆಯವರಲ್ಲಿ ಈ ಧಾಟಿಗೆ ಕಾವ್ಯದ ಹೊಸ ಎತ್ತರ ಬಂದಿತು. ‘ನರಬಲಿ’ಯ ಕವಿಯನ್ನು ರಾಜದ್ರೋಹಿಯೆಂದು ಬಗೆದ ಸರಕಾರವು ಹಿಂಡಲಗಿಯ ಸೆರೆಮನೆಗೂ, ಅನಂತರ ಧಾರವಾಡದ ಸಮೀಪದ ಮುಗದದ ನಿರ್ಬಂಧಕ್ಕೂ ಕಳಿಸಿತು. ಆದರೆ ಬೇಂದ್ರೆಯವರ ಪ್ರತಿಭೆ ವ್ಯಕ್ತಿಯಿಂದ ತತ್ತ್ವಕ್ಕೆ, ಘಟನೆಯಿಂದ ಪ್ರತೀಕಕ್ಕೆ ಏರುವಂಥದು. ಅವರ ಕಾವ್ಯಕ್ಕೆ ಅದು ಲಾಭವೇ ಆಯಿತು. ಅವರನ್ನು ಅನುಸರಿಸಿದ ಅಲ್ಪಶಕ್ತರ ಕೈಯಲ್ಲಿ ಮಾತ್ರ ಪ್ರತೀಕವು ಹೆಸರು ಹೇಳದಿರುವುದಕ್ಕೆ ನೆಪವಾಯಿತು.

ಕರ್ನಾಟಕ ಏಕೀಕರಣದ ಕಾಲದ ಹಾಡುಗಳನ್ನು ನೆನೆದಾಗ ಈ ವಿಚಾರ ಇನ್ನೂ ಹೆಚ್ಚು ಬಾಧಿಸುತ್ತದೆ. 1953ರಲ್ಲಿ ಅದರಗುಂಚಿಯ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕುಳಿತಾಗ, ಹುಬ್ಬಳ್ಳಿಯಲ್ಲಿ ಕೂಡಿದ ಕಾಂಗ್ರೆಸ್ ನಾಯಕರ ಮೇಲೆ ಜನರ ಕೋಪ ಸಿಡಿದು ಬೀದಿಗೆ ಬಂದಿತು. ಆ ಆಂದೋಲನದಿಂದ ನಮ್ಮ ನಾಲಗೆಯ ಮೇಲೆ ಉಳಿದ ಗೀತಗಳಾದರೋ ನಾಡಿನ ಸ್ತುತಿಗಳು. ಕನ್ನಡಿಗರು ತಮ್ಮ ನಾಯಕರ ಮೇಲಿನ ಸಿಟ್ಟನ್ನು ಕಲ್ಲುತೂರಾಟಕ್ಕೆ ಬಿಟ್ಟುಕೊಟ್ಟು, ಹಾಡನ್ನು ಭಕ್ತಿಗೆ ಮೀಸಲಿಟ್ಟರು. ಅಂದು ನಾವೂ ಸೇರಿದ್ದ ಮುಂಬಯಿ ರಾಜ್ಯದಲ್ಲಿ ನಮ್ಮ ನೆರೆಯವರಾದ ಅಮರ ಶೇಖ, ಅಣ್ಣಾಭಾವು ಸಾಠೆಯರಂಥ ಶಾಹೀರರು ಸಂಯುಕ್ತ ಮಹಾರಾಷ್ಟ್ರದ ಹೋರಾಟದಲ್ಲಿ ಲಾವಣಿ-ಪೋವಾಡಗಳನ್ನೇ ಆಯುಧವಾಗಿ ಬಳಸಿದರು. ನಮ್ಮಲ್ಲಿ ಡಪ್ಪಿತ್ತು, ಮೇಳವಿತ್ತು, ಸಂದರ್ಭವೂ ಇತ್ತು. ಸುಶಿಕ್ಷಿತ ಕವಿಗಳು ಮೇಳದವರ ಬಳಿಗೆ ಹೋಗಲಿಲ್ಲ.

ತುರ್ತುಪರಿಸ್ಥಿತಿಯಲ್ಲಿ ಈ ಮೌನವನ್ನು ಮುರಿದವರು ಧಾರವಾಡದ ಚಂದ್ರಶೇಖರ ಪಾಟೀಲರು (ಚಂಪಾ). ‘ಸಂಕ್ರಮಣ’ ಪತ್ರಿಕೆಯನ್ನು ನಡೆಸುತ್ತಿದ್ದ ಚಂಪಾ ಸೆರೆಮನೆ ಕಂಡರು, ‘ಗಾಂಧಿಸ್ಮರಣೆ’ಯನ್ನು ಬರೆದರು, ‘ಜಗದಂಬೆಯ ಬೀದಿನಾಟಕ’ದಲ್ಲಿ ಅಂದಿನ ಸರ್ವಾಧಿಕಾರವನ್ನು ಬಯಲಿಗೆಳೆದರು. ಗಾಂಧಿಯನ್ನು ಸಂಬೋಧಿಸುತ್ತ ಗದ್ದುಗೆಯ ಮೇಲಿದ್ದವರಿಗೆ ತಾಗುವಂತೆ ಮಾತಾಡಿದ ಆ ಕ್ರಮವು ಸವಾಲು-ಜವಾಬಿನ ಪರಿಚಯವಿದ್ದ ನಾಡಿನವನಿಗೆ ಸಹಜವಾಗಿ ಒದಗಿದ ಉಪಾಯ.

1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗಸಂಘಟನೆ, 1979ರ ಬಂಡಾಯ ಸಾಹಿತ್ಯ ಸಂಘಟನೆ, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಇವುಗಳಿಂದ ಕನ್ನಡದ ಹೋರಾಟದ ಹಾಡಿಗೆ ಸಾವಿರ ಕಂಠಗಳು ಒದಗಿದುವು. ಹಿಂದೆ ಹಾಡನ್ನು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದವರು ಈಗ ತಾವೇ ಹಾಡುತ್ತ ಮೆರವಣಿಗೆಯಲ್ಲಿ ನಡೆದರು. ಇದು ಸಾಮಾನ್ಯ ಸಾಧನೆಯಲ್ಲ. ಶತಮಾನಗಳ ಕಾಲ ಮಾತೆತ್ತದಂತೆ ತುಳಿದಿಟ್ಟ ಜನಕ್ಕೆ ದನಿ ಕೊಟ್ಟ ಆ ಗೀತಗಳ ಮುಂದೆ ನಾನು ತಲೆಬಾಗುತ್ತೇನೆ. ಆದರೂ ಹೇಳದೆ ವಿಧಿಯಿಲ್ಲ: ಸಿದ್ಧಲಿಂಗಯ್ಯನವರಲ್ಲಿ ಅನುಭವದ ಕಾವಿನಿಂದ ಬಂದ ಮಾತು, ಅನುಕರಣೆಯಲ್ಲಿ ಧಣಿ, ದೊರೆ, ಕತ್ತಲೆ, ಕ್ರಾಂತಿ ಎಂಬ ಸಿದ್ಧಪದಗಳ ಜೋಡಣೆಯಾಯಿತು. ಯಾವ ಊರಿನಲ್ಲಿಯಾದರೂ, ಯಾವ ನಾಯಕನ ವಿರುದ್ಧವಾದರೂ ಹಾಡಬಹುದಾದ ಹಾಡಿನಿಂದ ಯಾವ ನಾಯಕನಿಗೂ ಭಯವಿಲ್ಲ.

1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ನಡೆದುದನ್ನು ತೆಗೆದುಕೊಳ್ಳಿರಿ. ನವಿಲುತೀರ್ಥದ ಆಣೆಕಟ್ಟಿನ ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ ಮಲಪ್ರಭೆಯ ರೈತರ ಮೇಲೆ ಅಭಿವೃದ್ಧಿ ಕರ ಬಿದ್ದಿತು. ಅದನ್ನು ವಿರೋಧಿಸಿ ಅವರು ಚಳವಳಿ ನಡೆಸಿದಾಗ, ಗುಂಡೂರಾಯರ ಸರಕಾರದ ಪೋಲೀಸರ ಗುಂಡಿಗೆ ವೀರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂಡಿ ಎಂಬ ರೈತರು ಬಲಿಯಾದರು. 1983ರ ಚುನಾವಣೆಯಲ್ಲಿ ಆ ಸರಕಾರವೇ ಹೋಯಿತು. ಹಲಗಲಿಯ ಕವಿಯ ಕೈಗೆ ಈ ವಸ್ತು ಸಿಕ್ಕಿದ್ದರೆ ಕರದ ನೋಟೀಸು, ಒಣಗಿದ ಹೊಲಗಾಲುವೆ, ತಹಸೀಲದಾರ ಕಚೇರಿಯ ಬಾಗಿಲು ಎಲ್ಲವೂ ಪದದಲ್ಲಿ ನಿಲ್ಲುತ್ತಿದ್ದುವು. ಆ ಚಳವಳಿಯ ಹಾಡುಗಳೆಂದು ನಾನು ಕೇಳಿರುವವುಗಳಲ್ಲಿ ಅನ್ನದಾತನ ಮಹಿಮೆ ಹೇರಳವಾಗಿದೆ, ಕರದ ಲೆಕ್ಕ ಇಲ್ಲವೇ ಇಲ್ಲ.

ಈಚೆಗೆ ಈ ಭಾಗದ ಜಾನಪದ ಧಾಟಿಯು ಧ್ವನಿಮುದ್ರಣದ ವ್ಯಾಪಾರದಲ್ಲಿ ಬಹಳ ಬೆಳೆದಿದೆ. ಚುನಾವಣೆ ಬಂತೆಂದರೆ ಅದೇ ಧಾಟಿ ಅಭ್ಯರ್ಥಿಯ ಗಾಡಿಯ ಮೇಲಿನ ಧ್ವನಿವರ್ಧಕದಲ್ಲಿ ಹುಲಿಯೆಂದೂ ಸಿಂಹವೆಂದೂ ಅವನನ್ನು ಹೊಗಳುತ್ತದೆ. ಹೊಟ್ಟೆಪಾಡಿಗೆ ಹಾಡುವ ಕಲಾವಿದನನ್ನು ನಾನು ದೂಷಿಸಲಾರೆ. ಮೇಳಗಳನ್ನು ಸಾಕುತ್ತಿದ್ದ ಜಾತ್ರೆ-ಉರುಸುಗಳ ಆಶ್ರಯ ಕುಗ್ಗಿದ ಮೇಲೆ ಅವನಿಗೆ ಉಳಿದ ದಾರಿಗಳು ಕೆಲವೇ. ಆದರೆ ಹೊಗಳಿಕೆ ಅಭ್ಯಾಸವಾದ ಗಂಟಲಿನಿಂದ ಮಾರನೆಯ ವರ್ಷ ಪ್ರಶ್ನೆ ಹೊರಡುವುದು ಕಷ್ಟ. ಹೊರಟರೂ ಅದು ಎದುರು ಪಕ್ಷದವರ ಹಣದಿಂದ ಹೊರಟಿತೆಂಬ ಶಂಕೆ ಕೇಳುಗನನ್ನು ಬಿಡುವುದಿಲ್ಲ.

2015ರ ಜುಲೈಯಿಂದ ನರಗುಂದದಲ್ಲಿ ಮಹದಾಯಿ ನದಿಯ ನೀರಿಗಾಗಿ ಧರಣಿ ನಡೆದು, ಹುಬ್ಬಳ್ಳಿ-ಧಾರವಾಡದ ಬೀದಿಗಳೂ ಅದರಲ್ಲಿ ಕೂಡಿಕೊಂಡಾಗ, ಪ್ರಧಾನಿಯಿಂದ ಶಾಸಕರ ವರೆಗೆ ಎಲ್ಲರನ್ನೂ ಜನ ಹೆಸರು ಹಿಡಿದು ಕೂಗಿದರು. ಕೂಗು ಹಾಡಾಗಬೇಕಾದರೆ ಸಂಗತಿಗಳು ಬೇಕು, ಅವು ನಮ್ಮ ಮುಂದೆಯೇ ಇವೆ. 2018ರ ಆಗಸ್ಟಿನಲ್ಲಿ ಮಹದಾಯಿ ಜಲವಿವಾದ ನ್ಯಾಯಾಧಿಕರಣವು ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸಿಕೊಳ್ಳಲು ಒಪ್ಪಿತು. 2020ರಲ್ಲಿ ಕೇಂದ್ರದ ಅಧಿಸೂಚನೆ ಹೊರಟಿತು. ಈ ನಡುವೆ ಯಾವ ಪಕ್ಷದ ಯಾವ ಮುಖಂಡನು ಯಾವ ವೇದಿಕೆಯಲ್ಲಿ ಎಷ್ಟು ದಿನದ ಗಡುವು ಹೇಳಿದನೆಂಬುದು ಧರಣಿಯ ಚಪ್ಪರದಲ್ಲಿ ಕುಳಿತಿದ್ದ ಮುದುಕರಿಗೂ ಬಾಯಿಪಾಠವಾಗಿದೆ. ಆ ಗಡುವುಗಳನ್ನು ಬೀಸುವ ಕಲ್ಲಿನ ಕವಿಯಂತೆ ಒಂದೊಂದಾಗಿ ಎಣಿಸುವ ಲಾವಣಿಗಾಗಿ ನಾನು ಕಾದಿದ್ದೇನೆ.