ಬಸಿದ ನೀರಿನ ಪರವಾಗಿ

ಮಾರತ್ತಹಳ್ಳಿಯ ಹೊರವರ್ತುಲ ರಸ್ತೆಯ ಆಚೀಚೆ ಈಗ ಸಮತೋಲಿತ ಊಟವೆಂದರೆ ‘ಬೌಲ್’: ಒಂದು ಮಗ್ಗುಲಿಗೆ ಕಿನೋವಾ, ಇನ್ನೊಂದಕ್ಕೆ ಪನೀರ್, ನಡುವೆ ಹಸಿ ಎಲೆ, ಮುಚ್ಚಳದ ಮೇಲೆ ಪ್ರೋಟೀನ್ ಎಷ್ಟು ಗ್ರಾಂ ಎಂಬ ಚೀಟಿ. 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಭರಾಟೆಯಲ್ಲಿ ರಾಗಿಗೂ ಸನ್ಮಾನವಾಯಿತು. ಶಾಲು, ಹಾರ ಎಲ್ಲ ಧಾನ್ಯಕ್ಕೇ ಹೋದವು. ಅದನ್ನು ಊಟವಾಗಿಸುವ ಬಸ್ಸಾರಿಗೆ ‘ನೆಂಚಿಕೊಳ್ಳಲು’ ಎಂಬ ಪದವಿಯೇ ಗಟ್ಟಿ. ನನ್ನ ತಕರಾರು ಇರುವುದು ಇಲ್ಲಿ.

ಬಸ್ಸಾರಿನ ಜಾಣತನವೆಲ್ಲ ಬಸಿಯುವ ಗಳಿಗೆಯಲ್ಲಿದೆ. ತೊಗರಿಬೇಳೆ ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ರೂಪ ಬಿಟ್ಟಿರಬಾರದು. ಆಗ ದಂಟೋ ಸಬ್ಬಸಿಗೆಯೋ ಬೆರಕೆಸೊಪ್ಪೋ ಹಾಕಿ, ಬಾಡುವಷ್ಟು ಬೇಯಿಸಿ, ಕಟ್ಟನ್ನು ಬಸಿಯಬೇಕು. ತುಸು ಮುಂಚೆ ಬಸಿದರೆ ಕಟ್ಟು ಬರೀ ನೀರು. ತುಸು ತಡವಾದರೆ ಪಲ್ಯ ಗೊಜ್ಜು. ಬಸಿದದ್ದರಲ್ಲೇ ಒಂದು ಹಿಡಿ ಬೇಳೆ-ಸೊಪ್ಪನ್ನು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿ, ಹುಣಸೆಯ ಜೊತೆ ರುಬ್ಬಿ ಕಟ್ಟಿಗೆ ಹಿಂದಿರುಗಿಸುತ್ತಾರೆ. ಉಳಿದದ್ದಕ್ಕೆ ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ. ಒಂದೇ ಪಾತ್ರೆ ಎರಡಾಗಿ, ತಟ್ಟೆಯಲ್ಲಿ ಮತ್ತೆ ಒಂದಾಗುತ್ತದೆ.

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತಾರೆ. ಹಲ್ಲಿಗೆ ಕೆಲಸ ಕೊಡುವುದು ಪಲ್ಯ. ನುಂಗುವ ಆತುರ, ಅಗಿಯುವ ನಿಧಾನ ಎರಡನ್ನೂ ಒಂದೇ ಬೇಳೆ-ಸೊಪ್ಪು ಸರಿದೂಗಿಸುತ್ತದೆ. ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ರಾಗಿಯಲ್ಲಿದೆ. ಇನ್ನು ರುಬ್ಬಿದ ಈರುಳ್ಳಿ-ಬೆಳ್ಳುಳ್ಳಿ: ಇವು ಜೊತೆಗಿದ್ದರೆ ಧಾನ್ಯ, ಬೇಳೆಗಳ ಕಬ್ಬಿಣ ಮತ್ತು ಸತು ದೇಹಕ್ಕೆ ದಕ್ಕುವ ಪ್ರಮಾಣ ಹೆಚ್ಚುತ್ತದೆಂದು ಮೈಸೂರಿನ ಸಿಎಫ್‌ಟಿಆರ್‌ಐ ಸಂಶೋಧಕರು 2010ರಲ್ಲಿ ಪ್ರಯೋಗಾಲಯದಲ್ಲಿ ಕಂಡುಕೊಂಡರು. ಒರಳುಕಲ್ಲಿನ ಮುಂದೆ ಕೂತವರು ಹಾಕುತ್ತಿದ್ದದ್ದು ರುಚಿಗೆ. ಲಾಭ ಜೊತೆಗೆ ಬಂತು.

ಸೊಪ್ಪು ಬಸಿದರೆ ಸತ್ವ ಹೋಯಿತು ಎಂದು ಬರೆಯುವ ಪೋಷಣಾ ಅಂಕಣಕಾರರಿದ್ದಾರಲ್ಲ, ಅವರು ಬಸಿಯುವುದೆಂದರೆ ಚೆಲ್ಲುವುದು ಎಂದುಕೊಂಡಿದ್ದಾರೆ. ನೀರಿಗಿಳಿದ ಪೊಟ್ಯಾಸಿಯಂ ಆವಿಯಾಗಿ ಹಾರುವುದಿಲ್ಲ. ಇಳಿದ ಫೋಲೇಟಿನಲ್ಲೂ ಒಂದು ಪಾಲು ಸಾರಲ್ಲೇ ಇರುತ್ತದೆ. ಸಿ ವಿಟಮಿನ್ ಕುದಿದು ಹಾಳಾಗುತ್ತದೆ, ನಿಜ. ಅದಕ್ಕೆ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರಾಯಿತು, ಅಡುಗೆಯನ್ನೇ ದೂರಬೇಕಿಲ್ಲ. ಇವರಿಗಿಂತ ಕಷ್ಟ ರಾಗಿಭಕ್ತರದು. ಮುದ್ದೆಯೊಂದಿದ್ದರೆ ಸಾಕು ಎನ್ನುವ ಅವರ ಭಾಷಣದಲ್ಲಿ ಸೊಪ್ಪು ಬಿಡಿಸುವ ಕೈಯೇ ಕಾಣುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಸರಿ. ಪ್ರೋಟೀನ್ ಮಾತ್ರ ಬರೀ 7 ಗ್ರಾಂ.

ಬಸ್ಸಾರಿಗೂ ಕೊರತೆಗಳುಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ ದಿನದ ತಟ್ಟೆಯಲ್ಲಿ, 2000 ಕ್ಯಾಲೊರಿಗೆ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ-ಸೊಪ್ಪು, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು ಇವೆ. ಹಣ್ಣು, ಹಾಲು ಬಸ್ಸಾರಿನ ಕೈಗೆಟುಕವು. ಮಜ್ಜಿಗೆ, ಬಾಳೆಹಣ್ಣು ಪಕ್ಕದಲ್ಲಿರಬೇಕು. ಬೇಳೆಗೆ ಕೈ ಬಿಗಿಹಿಡಿದರೆ ಪ್ರೋಟೀನೂ ಸಾಲದು. ಇಷ್ಟಾದರೂ ಆ ತಟ್ಟೆ ಬಿಡಿಬಿಡಿಯಾಗಿ ಕೇಳುವ ಬೇಳೆ, ಸೊಪ್ಪು ಎರಡನ್ನೂ ಒಂದೇ ಒಲೆಯಲ್ಲಿ, ಹನಿ ಚೆಲ್ಲದೆ ಒದಗಿಸುವ ಬಗೆ ಇನ್ನೊಂದು ನನಗೆ ಗೊತ್ತಿಲ್ಲ.

ಮಾರತ್ತಹಳ್ಳಿಯ ಒಂದು ಪಿಜಿಯಲ್ಲಿ ನಾನು ಆರು ತಿಂಗಳು ಉಂಡೆ. ಗುರುವಾರ ಬೋರ್ಡಿನಲ್ಲಿ ‘ಮುದ್ದೆ, ಸೊಪ್ಪಿನ ಸಾರು’. ಒಮ್ಮೆ ಅಡುಗೆಮನೆಗೆ ಇಣುಕಿದೆ: ಬೆಂದ ಸೊಪ್ಪಿನ ಹಸಿರು ನೀರು ಸಿಂಕಿಗೆ ಹೋಗುತ್ತಿತ್ತು, ಪಕ್ಕದ ಒಲೆಯ ಮೇಲೆ ಪೊಟ್ಟಣದ ಸಾಂಬಾರ್ ಪುಡಿ ನಲ್ಲಿನೀರಲ್ಲಿ ಕುದಿಯುತ್ತಿತ್ತು. ‘ಆ ನೀರನ್ನೇ ಸಾರಿಗೆ ಹಾಕಬಾರದಾ ಅಣ್ಣಾ?’ ಅಂದೆ. ‘ಬಣ್ಣ ನೋಡಿ ಹುಡುಗರು ಬೇಡ ಅಂತಾರೆ ಸಾರ್’ ಅಂದರು ಅಡುಗೆಯವರು.